ಲಯನ್ಸ್ ಕ್ಲಬ್ ಸೇರೋಕೆ ಕರೆದಿದ್ದಾರೆ, ಒಳಗೆ ನಿಜವಾಗಿ ಏನು ನಡೆಯುತ್ತೆ?

ಅಂಗಡಿಬೀದಿ_ಸುಮಾ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಮ್ಮದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಹೋದ ವರ್ಷ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದಾಗ ವಾಕರ್ ಬೇಕಿತ್ತು, ಕಮೋಡ್ ಕುರ್ಚಿ ಬೇಕಿತ್ತು. ಮೆಡಿಕಲ್ ಶಾಪಿನವರು ‘ದುಡ್ಡು ಕೊಟ್ಟು ಯಾಕೆ ತಗೋತೀರಿ, ಲಯನ್ಸ್ ಕ್ಲಬ್‌ನವರ ಹತ್ರ ಇದೆ, ಕೇಳಿ’ ಅಂದರು. ಕೇಳಿದೆವು. ಅರ್ಧ ಗಂಟೆಯಲ್ಲಿ ಒಬ್ಬರು ಓಮ್ನಿಯಲ್ಲಿ ಹಾಕಿಕೊಂಡು ಬಂದು, ಅತ್ತೆಯ ಎತ್ತರಕ್ಕೆ ವಾಕರ್ ಕಾಲು ಸರಿಮಾಡಿ, ರಬ್ಬರ್ ಬುಷ್ ಗಟ್ಟಿ ಇದೆಯಾ ನೋಡಿ ಹೋದರು. ಡೆಪಾಸಿಟ್ ಬಿಟ್ಟರೆ ಬಾಡಿಗೆ ಇಲ್ಲ.

ನಾಲ್ಕು ತಿಂಗಳಾದ ಮೇಲೆ ತೊಳೆದು ವಾಪಸ್ ಕೊಡೋಕೆ ಹೋದೆ. ಕಾರ್ಯದರ್ಶಿ ದಪ್ಪ ನೋಟ್‌ಬುಕ್ಕಿನಲ್ಲಿ ನಮ್ಮ ಹೆಸರು ಹುಡುಕೋಕೆ ಹತ್ತು ನಿಮಿಷ ತಗೊಂಡರು. ‘ಇದನ್ನ ಕಂಪ್ಯೂಟರ್‌ಗೆ ಹಾಕಿ’ ಅಂದೆ. ‘ನೀವೇ ಬನ್ನಿ, ಸದಸ್ಯರಾಗಿ’ ಅಂದರು. ಜುಲೈನಲ್ಲಿ ಪದಗ್ರಹಣ ಇದೆಯಂತೆ, ಅದಕ್ಕೆ ಮುಂಚೆ ತಿಳಿಸಬೇಕಂತೆ.

ಮನೆಯಲ್ಲಿ ಯಜಮಾನರು ‘ಅದೆಲ್ಲ ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಳ್ಳೋರ ಜಾಗ, ನಿನಗ್ಯಾಕೆ’ ಅನ್ನುತ್ತಾರೆ. ನನಗೆ ಆ ವಾಕರ್ ನೆನಪಾಗುತ್ತೆ. ಅಂಗಡಿ ಬಿಟ್ಟು ಜಾಸ್ತಿ ಹೊತ್ತು ಹೊರಗಿರೋಕೆ ಆಗಲ್ಲ. ಕಟ್ಟೋ ದುಡ್ಡು ಎಲ್ಲಿಗೆ ಹೋಗುತ್ತೆ? ಸಭೆಗಳಲ್ಲಿ ಏನು ಮಾಡುತ್ತಾರೆ? ಹೆಂಗಸರಿಗೆ ಕೆಲಸ ಕೊಡುತ್ತಾರಾ, ಸುಮ್ನೆ ಕೂರಿಸುತ್ತಾರಾ? ಒಳಗಿದ್ದು ಬಲ್ಲವರು ದಯವಿಟ್ಟು ಹೇಳಿ.

ಅಂಚೆಮಾವ:

ತಂಗಿ, ನಾನೂ ನಿಮ್ಮ ಜಿಲ್ಲೆಯವನೇ, ಶರಾವತಿ ಹಿನ್ನೀರಿನ ಕಡೆಯವನು. ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತಿಯಾದೆ. 1996ರಿಂದ ಲಯನ್ಸ್ ಸದಸ್ಯ. ಎರಡು ಸಲ ಕಾರ್ಯದರ್ಶಿ, ಒಂದು ಸಲ ಖಜಾಂಚಿ, ಒಂದು ಸಲ ಅಧ್ಯಕ್ಷ.

ನಿಮ್ಮ ಯಜಮಾನರ ಮಾತು ಪೂರ್ತಿ ಸುಳ್ಳಲ್ಲ. ಹಾರವೂ ಇದೆ, ಶಾಲೂ ಇದೆ, ಫೋಟೋವೂ ಇದೆ. ಆದರೆ ನಿಮ್ಮ ಅತ್ತೆಗೆ ವಾಕರ್ ತಂದುಕೊಟ್ಟವರ ಫೋಟೋ ಯಾರಾದರೂ ತೆಗೆದರಾ? ನಾನು ಹೇಳಬೇಕಾಗಿರೋದು ಆ ಕಡೆಯ ವಿಷಯ.

ಮೊದಲು ಸಭೆಯ ಬಗ್ಗೆ ಹೇಳಿಬಿಡುತ್ತೇನೆ. ನಮ್ಮಲ್ಲಿ ತಿಂಗಳಿಗೆ ಎರಡು ಸಭೆ, ಒಂದೂವರೆ ಗಂಟೆಗಿಂತ ಜಾಸ್ತಿ ಇಲ್ಲ. ಅಧ್ಯಕ್ಷರು ಮರದ ಸುತ್ತಿಗೆಯಿಂದ ಗಂಟೆ ಬಾರಿಸಿದರೆ ಶುರು, ಮತ್ತೆ ಬಾರಿಸಿದರೆ ಮುಗೀತು. ಪ್ರಾರ್ಥನೆ, ಧ್ವಜವಂದನೆ, ಹಿಂದಿನ ಸಭೆಯ ವರದಿ, ಖಜಾಂಚಿಯ ಲೆಕ್ಕ, ಆಮೇಲೆ ಮುಂದಿನ ಕೆಲಸ. ಯಾರಾದರೂ ತೀರಿಕೊಂಡಿದ್ದರೆ ಒಂದು ನಿಮಿಷ ಮೌನ. ‘ಟೇಲ್ ಟ್ವಿಸ್ಟರ್’ ಅಂತ ಒಂದು ಹುದ್ದೆ ಇದೆ, ಬಾಲ ತಿರುಚುವವನು ಅಂತ ಅರ್ಥ. ತಡವಾಗಿ ಬಂದವರು, ಬ್ಯಾಡ್ಜ್ ಮರೆತವರು, ಮಧ್ಯೆ ಫೋನ್ ಎತ್ತಿದವರು, ಎಲ್ಲರಿಗೂ ಅವರು ದಂಡ ಹಾಕುತ್ತಾರೆ. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ. ಒಂದೇ ಸಭೆಯಲ್ಲಿ ಒಬ್ಬರಿಗೆ ಎರಡು ಸಲಕ್ಕಿಂತ ಹೆಚ್ಚು ಹಾಕುವಂತಿಲ್ಲ. ಅವರಿಗೇ ದಂಡ ಹಾಕಬೇಕಾದರೆ ಅಲ್ಲಿರುವ ಒಬ್ಬರೂ ಬಿಡದೆ ಎಲ್ಲರೂ ಒಪ್ಪಬೇಕು. ಮನೆಯಲ್ಲಿ ಮಗು ಹುಟ್ಟಿದರೂ ದಂಡ, ಮಗಳು ಪಾಸಾದರೂ ದಂಡ. ಸಿಮೆಂಟ್ ಅಂಗಡಿಯವರು, ಅಡಿಕೆ ಮಂಡಿಯವರು, ಡಾಕ್ಟರು, ನನ್ನಂಥ ಸಂಬಳದವರು ಒಂದೇ ಡಬ್ಬಿಗೆ ದುಡ್ಡು ಹಾಕಿ ನಗುತ್ತಾ ಕೂತರೆ ಆಮೇಲೆ ಒಟ್ಟಿಗೆ ಕೆಲಸ ಮಾಡೋದು ಸುಲಭ ಆಗುತ್ತೆ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ.

ದುಡ್ಡಿನ ವಿಷಯ. ನಿಮ್ಮ ವಂತಿಗೆ ಮೂರು ಪಾಲಾಗುತ್ತೆ: ಅಂತರರಾಷ್ಟ್ರೀಯ ಸಂಸ್ಥೆಗೆ ಒಂದು, ಲಯನ್ಸ್ ಜಿಲ್ಲೆಗೆ ಒಂದು, ಕ್ಲಬ್ಬಿಗೆ ಒಂದು. ಲಯನ್ಸ್ ಜಿಲ್ಲೆ ಅಂದರೆ ಸರ್ಕಾರದ ಜಿಲ್ಲೆಯಲ್ಲ, ಅವರದೇ ವಿಂಗಡಣೆ. ಅಂತರರಾಷ್ಟ್ರೀಯ ಪಾಲು ಡಾಲರ್ ಲೆಕ್ಕದಲ್ಲಿ, ವರ್ಷಕ್ಕೆ ಎರಡು ಕಂತು. ಅದಕ್ಕೇ ಮೊತ್ತ ಆಗಾಗ ಬದಲಾಗುತ್ತೆ. ಮುಖ್ಯವಾದದ್ದು ಇನ್ನೊಂದಿದೆ. ಕ್ಲಬ್ಬಿನಲ್ಲಿ ಎರಡು ಲೆಕ್ಕ ಇರಬೇಕು, ಆಡಳಿತದ್ದು ಬೇರೆ, ಸೇವೆಯದ್ದು ಬೇರೆ. ಊರವರ ಹತ್ತಿರ ಸೇವೆಗೆ ಅಂತ ಎತ್ತಿದ ಒಂದು ರೂಪಾಯಿಯನ್ನೂ ಸಭೆಯ ಊಟಕ್ಕೆ, ಬ್ಯಾನರಿಗೆ ಮುಟ್ಟುವಂತಿಲ್ಲ. ಊಟ ನಮ್ಮ ವಂತಿಗೆಯಲ್ಲೇ ಆಗಬೇಕು. ಸೇರುವ ಮೊದಲು ಆ ಎರಡು ಪಾಸ್‌ಬುಕ್ ತೋರಿಸಿ ಅಂತ ಕೇಳಿ. ತಪ್ಪು ತಿಳಿಯೋದಿಲ್ಲ. ತಪ್ಪು ತಿಳಿದರೆ ಅಲ್ಲಿ ಸೇರಬೇಡಿ.

ಈಗ ಕೆಲಸದ ವಿಷಯ. ಲಯನ್ಸ್ ಅಂದರೆ ಕಣ್ಣು ಅಂತ ಜನ ಯಾಕೆ ಅನ್ನುತ್ತಾರೆ ಗೊತ್ತಾ? 1917ರಲ್ಲಿ ಷಿಕಾಗೋದಲ್ಲಿ ಮೆಲ್ವಿನ್ ಜೋನ್ಸ್ ಎನ್ನುವ ವಿಮೆ ವ್ಯಾಪಾರಿ ಈ ಸಂಸ್ಥೆ ಕಟ್ಟಿದರು. 1925ರ ಸಮ್ಮೇಳನಕ್ಕೆ ಹೆಲೆನ್ ಕೆಲರ್ ಬಂದು, ಕಣ್ಣಿಲ್ಲದವರ ಪರವಾಗಿ ನೀವು ನಿಲ್ಲಿ ಅಂತ ಕೇಳಿಕೊಂಡರು. ಅಲ್ಲಿಂದ ಇದು ಲಯನ್ಸ್‌ನ ದೊಡ್ಡ ಕೆಲಸ ಆಯಿತು. ಭಾರತಕ್ಕೆ ಲಯನ್ಸ್ ಬಂದದ್ದು 1956ರಲ್ಲಿ, ಬೊಂಬಾಯಿಗೆ. ನಮ್ಮ ರಾಜ್ಯದಲ್ಲಿ ಕಣ್ಣಿನ ಶಿಬಿರ ಅಂದರೆ ಹಿರಿಯರಿಗೆ ಮೊದಲು ನೆನಪಾಗೋದು ಡಾಕ್ಟರ್ ಎಂ. ಸಿ. ಮೋದಿ, ಬೀಳಗಿಯಲ್ಲಿ ಹುಟ್ಟಿದವರು. ಊರೂರು ಸುತ್ತಿ ಶಿಬಿರ ಹಾಕಿ ಒಂದೇ ದಿನ ನೂರಾರು ಜನರ ಪೊರೆ ತೆಗೆಯುತ್ತಿದ್ದರು. ಆಗ ಒಳಗೆ ಲೆನ್ಸ್ ಇಡುತ್ತಿರಲಿಲ್ಲ. ಆಪರೇಷನ್ ಆದವರಿಗೆಲ್ಲ ಸೋಡಾ ಬುಡ್ಡಿ ಕನ್ನಡಕ. ಈಗ ಶಾಲೆಯಲ್ಲಿ, ಶಾಮಿಯಾನದಲ್ಲಿ ಆಪರೇಷನ್ ಮಾಡೋ ಕಾಲ ಹೋಯಿತು. ಊರಲ್ಲಿ ತಪಾಸಣೆ ಮಾತ್ರ. ಆಪರೇಷನ್‌ಗೆ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ನಾನು ಕ್ಲಬ್ಬಿಗೆ ಸೇರಿದಾಗ ಶಿಬಿರಕ್ಕೆ ಬರುತ್ತಿದ್ದವರು ಪೇಟೆ ಸುತ್ತಮುತ್ತಲಿನವರು. ನಿಜವಾಗಿ ಕಣ್ಣು ಹೋದವರು ಮನೆ ಮೂಲೆಯಲ್ಲಿ ಕೂತಿರುತ್ತಾರೆ. ಅವರು ಬ್ಯಾನರ್ ಓದೋದಿಲ್ಲ, ಅಲ್ವಾ? ನೌಕರಿಯಲ್ಲಿದ್ದಾಗ ಚಂದಾ ಎತ್ತೋಕೆ ನಾನು ಹೋಗುವಂತಿರಲಿಲ್ಲ, ಇಲಾಖೆಯ ನಿಯಮ ಅಡ್ಡ ಬರುತ್ತಿತ್ತು. ನನ್ನಿಂದ ಬೇರೆ ಏನಾಗುತ್ತೆ ಅಂತ ಯೋಚಿಸಿದೆ. ವೃದ್ಧಾಪ್ಯ ವೇತನ, ವಿಧವಾ ವೇತನ ಆಗ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಪೋಸ್ಟ್‌ಮ್ಯಾನ್‌ಗಳು ಪ್ರತಿ ತಿಂಗಳು ಆ ಅಜ್ಜ ಅಜ್ಜಿಯರ ಮನೆ ಬಾಗಿಲಿಗೆ ಹೋಗುವವರು. ಅವರಿಗೆ ಒಂದೇ ಮಾತು ಹೇಳಿದೆ: ‘ಮೊದಲು ಸಹಿ ಹಾಕುತ್ತಿದ್ದವರು ಈಗ ಹೆಬ್ಬೆಟ್ಟು ಒತ್ತುತ್ತಿದ್ದರೆ ನನಗೆ ಊರು, ಮನೆ ಹೇಳಿ.’

ಮೊದಲ ವರ್ಷ ಹತ್ತೊಂಬತ್ತು ಜನ ಸಿಕ್ಕಿದರು. ಅವರಲ್ಲಿ ಹದಿನೇಳು ಮಂದಿಗೆ ಪೊರೆ ಬಂದಿತ್ತು.

ಅದರಲ್ಲಿ ಒಬ್ಬ ಅಜ್ಜಿಯ ಮನೆ ಹಿನ್ನೀರಿನ ಆಚೆ. ತುಮರಿ ಕಡೆಯವರಿಗೆ ಆಗ ಲಾಂಚೇ ದಾರಿ. ಸೇತುವೆ ಆಗಿದ್ದು ಮೊನ್ನೆ ಮೊನ್ನೆ, 2025ರ ಜುಲೈನಲ್ಲಿ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಈ ಕಡೆಯೇ ಉಳಿಯಬೇಕು. ಹಾಗಾಗಿ ಆಚೆಯವರ ತಪಾಸಣೆ ಬೆಳಿಗ್ಗೆಯೇ ಮುಗಿಸುತ್ತಿದ್ದೆವು. ಅಜ್ಜಿಯ ಬಿಪಿ, ಸಕ್ಕರೆ ಎಲ್ಲ ಸರಿ ಇತ್ತು, ಆಸ್ಪತ್ರೆಗೆ ಆಯ್ಕೆಯಾದರು. ಬಸ್ಸಿನ ಬಾಗಿಲವರೆಗೂ ಬಂದವರು ಮೆಟ್ಟಿಲ ಮೇಲೆ ಕಾಲಿಟ್ಟು ಇಳಿದುಬಿಟ್ಟರು. ‘ನಾ ಬರೋದಿಲ್ಲ, ಎಮ್ಮೆ ಕರೆಯೋರು ಯಾರು?’

ನಾವು ಆಪರೇಷನ್ ಬಗ್ಗೆ ಧೈರ್ಯ ಹೇಳುತ್ತಾ ನಿಂತಿದ್ದೆವು. ಅವರಿಗೆ ಆಪರೇಷನ್ ಭಯ ಇರಲೇ ಇಲ್ಲ. ಎಮ್ಮೆಯದೇ ಚಿಂತೆ. ನಮ್ಮ ಸದಸ್ಯರೊಬ್ಬರ ತವರು... ಅಂದರೆ ಅವರ ಹೆಂಡತಿಯ ತವರು ಆ ಕಡೆಯೇ. ಆಯಮ್ಮ ಅಲ್ಲೇ ಇದ್ದರು. ‘ನಾನು ಕರೆಯುತ್ತೇನೆ, ನೀವು ಹತ್ತಿ’ ಅಂತ ಅಜ್ಜಿಯ ಸೀರೆ ಒಂದನ್ನು ಇಸಿದುಕೊಂಡರು. ಗುರುತಿಲ್ಲದವರು ಹತ್ತಿರ ಹೋದರೆ ಎಮ್ಮೆ ಹಾಲು ಬಿಡೋದಿಲ್ಲ, ಒಡತಿಯ ಸೀರೆ ಸುತ್ತಿಕೊಂಡು ಹೋಗಬೇಕು. ನಾಲ್ಕು ದಿನ ಎರಡು ಹೊತ್ತು ಕರೆದರು. ನಾನು ನೋಡಿದ ಸೇವೆಗಳಲ್ಲಿ ಅದಕ್ಕೆ ಮೊದಲ ಜಾಗ ಕೊಡುತ್ತೇನೆ. ವರ್ಷದ ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಆರು ವಾರದ ಮೇಲೆ ಕನ್ನಡಕ ಕೊಡೋಕೆ ಹೋದೆ. ಅಜ್ಜಿ ಜಗಲಿಯಲ್ಲಿ ಮೊರದ ತುಂಬ ಅಕ್ಕಿ ಇಟ್ಟುಕೊಂಡು ಕಲ್ಲು ಆರಿಸುತ್ತಿದ್ದರು. ನನ್ನನ್ನು ಕೂರಿಸಿ, ಆರಿಸಿದ ಕಲ್ಲುಗಳನ್ನು ಅಂಗೈಯಲ್ಲಿ ಹಾಕಿ ತೋರಿಸಿದರು. ಸಾಸಿವೆಗಿಂತ ಸಣ್ಣವು, ಬಿಳೀ ಕಲ್ಲು. ‘ಸೊಸೆ ಮೂರು ವರ್ಷದಿಂದ ನನ್ನ ಕೈಗೆ ಮೊರ ಕೊಟ್ಟಿರಲಿಲ್ಲ’ ಅಂದರು.

ಇಷ್ಟೇ ಹೇಳಿದರೆ ಅರ್ಧ ಹೇಳಿದ ಹಾಗೆ. ಒಂದು ವರ್ಷ ಮಳೆ ಜೋರಿತ್ತು, ನಾವು ವಾರದ ಭೇಟಿಗೆ ಹೋಗಲಿಲ್ಲ. ಶಿಬಿರ ಚೆನ್ನಾಗಿ ಆಗಿತ್ತು, ಪೇಪರಿನಲ್ಲೂ ಬಂದಿತ್ತು. ಒಬ್ಬ ಅಜ್ಜ ಹನಿ ಔಷಧಿ ಮುಗಿದ ಮೇಲೆ ಮತ್ತೆ ತರಿಸಿರಲಿಲ್ಲ. ಕಣ್ಣು ಕೆಂಪಾಗಿ ನೋವು ಬಂದರೂ ‘ಆಪರೇಷನ್ ಆದ ಮೇಲೆ ಹೀಗೇ ಇರುತ್ತೆ’ ಅಂದುಕೊಂಡಿದ್ದರು. ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆ ಕಣ್ಣಿನ ದೃಷ್ಟಿ ಪೂರ್ತಿ ಬರಲಿಲ್ಲ. ತಪ್ಪು ನಮ್ಮದು. ಅವರ ಮನೆಗೆ ಹೋಗಿ ಹಾಗಂತಲೇ ಹೇಳಿದೆವು. ಅವತ್ತಿನಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು: ಆಪರೇಷನ್ ಆದ ಒಬ್ಬೊಬ್ಬರಿಗೂ ಒಬ್ಬ ಸದಸ್ಯನ ಹೆಸರು. ಮಾರನೇ ದಿನ, ವಾರಕ್ಕೆ, ಆರು ವಾರಕ್ಕೆ ಅವನೇ ಹೋಗಬೇಕು, ಹನಿ ಬಾಟಲಿ ಕೈಯಲ್ಲಿ ಹಿಡಿದು ನೋಡಬೇಕು.

ಅದಕ್ಕೇ ನಿಮ್ಮ ಕ್ಲಬ್ಬಿನವರನ್ನು ‘ಎಷ್ಟು ಶಿಬಿರ ಮಾಡಿದ್ದೀರಿ’ ಅಂತ ಕೇಳಬೇಡಿ. ‘ಶಿಬಿರ ಆದ ಮೇಲಿನ ಆರು ವಾರ ಯಾರು ಓಡಾಡುತ್ತೀರಿ’ ಅಂತ ಕೇಳಿ.

ಬಯಲುಸೀಮೆ_ಕುಮಾರ:

ಅಂಚೆಮಾವನವರಿಗೆ ನಮಸ್ಕಾರ. ನಾನು ದಾವಣಗೆರೆ ಕಡೆಯವನು. ಏಳು ವರ್ಷ ರೋಟರಿಯಲ್ಲಿದ್ದೆ, ಬಿಟ್ಟೆ. ಯಾಕೆ ಅಂತ ಹೇಳಿದರೆ ಸುಮಾ ಅವರಿಗೆ ಉಪಯೋಗ ಆಗಬಹುದು.

ರೋಟರಿಯ ಹುಟ್ಟು ಇನ್ನೂ ಹಿಂದಿನದು, 1905ರ ಫೆಬ್ರವರಿ 23. ಅದೂ ಷಿಕಾಗೋದಲ್ಲೇ. ಪಾಲ್ ಹ್ಯಾರಿಸ್ ಎನ್ನುವ ವಕೀಲರು ಮೂವರು ಸ್ನೇಹಿತರ ಜೊತೆ ಶುರುಮಾಡಿದರು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರಿಂದ ರೋಟರಿ ಅಂತ ಹೆಸರು. ನಮ್ಮ ಸಭೆಯಲ್ಲಿ ನಾಲ್ಕು ಪ್ರಶ್ನೆ ಓದುತ್ತಿದ್ದೆವು: ಇದು ಸತ್ಯವೇ? ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ? ಇದರಿಂದ ಸ್ನೇಹ, ಸದ್ಭಾವನೆ ಬೆಳೆಯುತ್ತದೆಯೇ? ಎಲ್ಲರಿಗೂ ಹಿತವೇ? 1932ರಲ್ಲಿ ಹರ್ಬರ್ಟ್ ಟೇಲರ್ ಅನ್ನುವವರು, ಮುಳುಗುತ್ತಿದ್ದ ಒಂದು ಕಂಪನಿಯನ್ನು ಎತ್ತಿ ನಿಲ್ಲಿಸೋಕೆ ಬರೆದುಕೊಂಡ ಪ್ರಶ್ನೆಗಳು ಇವು. ನನಗೆ ಅವು ಈಗಲೂ ಇಷ್ಟ. ಅಂಗಡಿಯ ಗಲ್ಲಾದ ಮೇಲೆ ಅಂಟಿಸಿಕೊಂಡಿದ್ದೇನೆ.

ನಾನು ಬಿಟ್ಟಿದ್ದು ಒಂದು ನೀರಿನ ಫಿಲ್ಟರಿನ ಕಾರಣಕ್ಕೆ. ಒಂದು ಸರ್ಕಾರಿ ಶಾಲೆಗೆ ನಮ್ಮ ಕ್ಲಬ್ಬು ದೊಡ್ಡ ಆರ್‌ಓ ಯಂತ್ರ ಕೊಟ್ಟಿತು. ಗೋಡೆಗೆ ಗ್ರಾನೈಟ್ ಫಲಕ, ರಿಬ್ಬನ್, ಭಾಷಣ, ಮಕ್ಕಳಿಗೆ ಲಾಡು. ಎರಡು ವರ್ಷದ ಮೇಲೆ ಕೆಲಸದ ಮೇಲೆ ಅದೇ ಶಾಲೆಗೆ ಹೋಗಿದ್ದೆ. ಯಂತ್ರ ನಿಂತು ಒಂದೂವರೆ ವರ್ಷ ಆಗಿತ್ತು. ಮೇಲೆ ಚಾಕ್‌ಪೀಸ್ ಡಬ್ಬಿ ಜೋಡಿಸಿದ್ದರು. ಫಿಲ್ಟರ್ ಬದಲಿಸೋಕೆ ಶಾಲೆಯ ಹತ್ತಿರ ದುಡ್ಡಿಲ್ಲ, ನಾವು ಕೇಳಲಿಲ್ಲ. ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಿದ್ದರು. ಫಲಕದಲ್ಲಿ ನನ್ನ ಹೆಸರೂ ಇತ್ತು. ಮುಂದಿನ ಸಭೆಯಲ್ಲಿ ಹೇಳಿದೆ, ‘ಈ ವರ್ಷ ಹೊಸದು ಕೊಡೋದು ಬೇಡ, ಹಳೆಯದನ್ನೆಲ್ಲ ರಿಪೇರಿ ಮಾಡಿಸೋಣ’ ಅಂತ. ರಿಪೇರಿಗೆ ಉದ್ಘಾಟನೆ ಇರೋದಿಲ್ಲವಲ್ಲ, ಯಾರಿಗೂ ಉತ್ಸಾಹ ಬರಲಿಲ್ಲ. ಬಿಟ್ಟುಬಿಟ್ಟೆ. ಆ ಯಂತ್ರವನ್ನು ನಾನೂ ಇನ್ನಿಬ್ಬರೂ ಸೇರಿ ಸರಿಮಾಡಿಸಿದೆವು. ವರ್ಷಕ್ಕೊಮ್ಮೆ ಈಗಲೂ ಹೋಗಿ ಕಾರ್ಟ್‌ರಿಜ್ ಬದಲಿಸಿ ಬರುತ್ತೇವೆ.

ಸುಮಾ ಅವರೇ, ನಿಮ್ಮ ಊರಿನ ಕ್ಲಬ್ಬು ಐದು ವರ್ಷದ ಹಿಂದೆ ಕೊಟ್ಟ ಒಂದು ವಸ್ತುವನ್ನು ಹುಡುಕಿಕೊಂಡು ಹೋಗಿ ನೋಡಿ. ಬಸ್ ತಂಗುದಾಣ ಇರಬಹುದು, ಶಾಲೆಯ ಬೆಂಚು ಇರಬಹುದು. ಅದು ಹೇಗಿದೆಯೋ ಕ್ಲಬ್ಬೂ ಹಾಗೇ ಇರುತ್ತೆ.

ನರ್ಸಕ್ಕ:

ಕುಮಾರಣ್ಣ, ನಿಮ್ಮ ಬೇಜಾರು ಸರಿಯೇ. ಆದರೆ ನಾನು ರೋಟರಿಯವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಇಪ್ಪತ್ತೆಂಟು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡಿದವಳು ನಾನು.

ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಭಾನುವಾರ ಬೂತ್, ಆಮೇಲಿನ ದಿನ ಮನೆಮನೆ. ಲಸಿಕೆ ಬೆಚ್ಚಗಾದರೆ ಕೆಟ್ಟುಹೋಗುತ್ತೆ. ಸೀಸೆಯ ಮೇಲೆ ಒಂದು ಸಣ್ಣ ಚೌಕ ಇರುತ್ತೆ, ಅದರ ಬಣ್ಣ ಗಾಢವಾಗುತ್ತಾ ಸುತ್ತಲಿನ ವೃತ್ತದಷ್ಟೇ ಆಗಿಬಿಟ್ಟರೆ ಸೀಸೆಯನ್ನೇ ಬಿಸಾಡಬೇಕು. ಹಾಗಾಗಿ ಐಸ್ ಪ್ಯಾಕ್ ಹೊತ್ತು ಹೊತ್ತಿಗೆ ಬದಲಿಸಬೇಕು. ನಮಗೆ ಇದ್ದದ್ದು ಒಂದೇ ಜೀಪು. ಪೇಟೆಯ ರೋಟರಿಯವರು ತಮ್ಮ ಕಾರು, ಸ್ಕೂಟರ್ ತೆಗೆದುಕೊಂಡು ಬೂತಿನಿಂದ ಬೂತಿಗೆ ಐಸ್ ಪ್ಯಾಕ್ ಸಾಗಿಸುತ್ತಿದ್ದರು. ನಮಗೂ ಅಂಗನವಾಡಿಯವರಿಗೂ ಚಿತ್ರಾನ್ನದ ಪೊಟ್ಟಣ ಅವರದೇ. ಕಟ್ಟಡ ಕೆಲಸಕ್ಕೆ ಬಂದವರ ಶೆಡ್ಡುಗಳಿಗೆ ಸಂಜೆ ಕತ್ತಲಾದ ಮೇಲೆ ನನ್ನ ಜೊತೆ ಬಂದು, ಕಿರುಬೆರಳಿಗೆ ಗುರುತು ಇಲ್ಲದ ಮಕ್ಕಳನ್ನು ಹುಡುಕಿದ್ದಾರೆ. ಎರಡು ಹನಿ, ಒಂದು ಗುರುತು. ಅಷ್ಟೇ ಕೆಲಸ. ಅದನ್ನೇ ವರ್ಷವರ್ಷ ಮಾಡಿದೆವು. ದೇಶದ ಕೊನೆಯ ಪ್ರಕರಣ 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದ ಒಂದು ಹೆಣ್ಣುಮಗುವಿನದು. 2014ರ ಮಾರ್ಚ್ 27ಕ್ಕೆ ನಮ್ಮನ್ನು ಪೋಲಿಯೊಮುಕ್ತ ಅಂತ ಘೋಷಿಸಿದರು. ಅವತ್ತು ಟಿವಿ ನೋಡುತ್ತಾ ನಾನು ಅತ್ತುಬಿಟ್ಟೆ. ಆ ಐಸ್ ಪ್ಯಾಕಿನ ಸ್ಕೂಟರುಗಳು ನೆನಪಾದವು.

ಕ್ಲಬ್ಬುಗಳ ಹತ್ತಿರ ನನ್ನದೊಂದು ಬೇಡಿಕೆ ಇದೆ, ಸುಮಾ ನೀವು ಸೇರಿದರೆ ದಯವಿಟ್ಟು ಇದನ್ನು ಎತ್ತಿ. ರಕ್ತದಾನ ಶಿಬಿರವನ್ನು ಎಲ್ಲರೂ ಆಗಸ್ಟ್ 15ಕ್ಕೋ ಅಕ್ಟೋಬರ್ 2ಕ್ಕೋ ಇಟ್ಟುಕೊಳ್ಳುತ್ತಾರೆ. ಅಲ್ಲಿ ಒಂದು, ಇಲ್ಲಿ ಒಂದು, ಒಂದೇ ದಿನ. ರಕ್ತ ಅಕ್ಕಿಯ ಹಾಗೆ ಮೂಟೆಕಟ್ಟಿ ಇಡೋಕೆ ಆಗಲ್ಲ. ಕೆಂಪು ಕಣ ಐದಾರು ವಾರ ಬರುತ್ತೆ, ಪ್ಲೇಟ್‌ಲೆಟ್ ಐದೇ ದಿನ. ಏಪ್ರಿಲ್, ಮೇನಲ್ಲಿ ಕಾಲೇಜಿಗೆ ರಜೆ, ದಾನಿಗಳಿಲ್ಲ. ಆಗಲೇ ಹೆರಿಗೆಯ ರಕ್ತಸ್ರಾವ ಅಂತ ಓಡಿಬಂದವರಿಗೆ ಒಂದು ಯೂನಿಟ್ ಸಿಗೋದಿಲ್ಲ. ಒಂದು ರಾತ್ರಿ ಬಾಣಂತಿಯನ್ನು ಆಂಬುಲೆನ್ಸಿನಲ್ಲಿ ಕೂರಿಸಿಕೊಂಡು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಿದ್ದೇನೆ, ಅವಳ ಕೈ ತಣ್ಣಗಾಗುತ್ತಿತ್ತು. ಉಳಿದಳು. ಆದರೆ ಆ ದಾರಿ ನಾನು ಮರೆತಿಲ್ಲ. ಶಿಬಿರವನ್ನು ಮೇ ತಿಂಗಳಿಗೆ ಹಾಕಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು, ಅದನ್ನು ನೋಡಿ ದಿನ ಗೊತ್ತುಮಾಡಿ.

ಹೆಂಗಸರ ವಿಷಯ ಕೇಳಿದ್ದೀರಿ. ಲಯನ್ಸ್ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1987ರಲ್ಲಿ, ರೋಟರಿ 1989ರಲ್ಲಿ. ಲಯನ್ಸ್‌ಗೆ ಮೊದಲ ಮಹಿಳಾ ಅಂತರರಾಷ್ಟ್ರೀಯ ಅಧ್ಯಕ್ಷೆ ಬಂದದ್ದು 2018ರಲ್ಲಿ, ರೋಟರಿಗೆ 2022ರಲ್ಲಿ. ಅಲ್ಲಿಗೇ ಅಷ್ಟು ತಡ ಆದರೆ ನಮ್ಮೂರಿನ ಕಥೆ ನೀವೇ ಯೋಚಿಸಿ. ಪ್ರಾರ್ಥನೆ ಹಾಡಿ, ಅತಿಥಿಗಳಿಗೆ ಹೂಗುಚ್ಛದ ತಟ್ಟೆ ಹಿಡಿಯಿರಿ ಅನ್ನುತ್ತಾರೆ. ಹಾಡಿ, ತಪ್ಪೇನಿಲ್ಲ. ಅದರ ಜೊತೆಗೆ ಮೊದಲ ದಿನವೇ ಕೈಗೆ ಒಂದು ಕೆಲಸ ಕೇಳಿ ತಗೊಳ್ಳಿ. ಲೆಕ್ಕವೋ ದಾಖಲೆಯೋ ಯಾವುದಾದರೂ ಸರಿ. ಪುಸ್ತಕ ನಿಮ್ಮ ಕೈಯಲ್ಲಿದ್ದರೆ ನಿಮ್ಮನ್ನು ಕೇಳದೆ ಏನೂ ನಡೆಯೋದಿಲ್ಲ.

ಅಂಚೆಮಾವ:

ನರ್ಸಕ್ಕ ಹೇಳಿದ್ದು ನೂರಕ್ಕೆ ನೂರು. ನಾವು ಈಗ ಶಿಬಿರದ ಜೊತೆಗೆ ದಾನಿಗಳ ಪಟ್ಟಿ ಇಟ್ಟಿದ್ದೇವೆ, ಗುಂಪಿನ ಪ್ರಕಾರ. ರಾತ್ರಿ ಫೋನ್ ಬಂದರೆ ಎದ್ದು ಹೋಗೋಕೆ ತಯಾರಿರುವವರ ಹೆಸರಿಗೆ ಮಾತ್ರ ಕೆಂಪು ಚುಕ್ಕಿ. ಆ ಚುಕ್ಕಿಯವರು ಹನ್ನೊಂದೇ ಜನ. ಆದರೆ ಅವರಲ್ಲಿ ಒಬ್ಬರೂ ಇವತ್ತಿನವರೆಗೆ ಇಲ್ಲ ಅಂದಿಲ್ಲ.

ಕುಮಾರ್ ಅವರೇ, ನೀವು ಕ್ಲಬ್ ಬಿಟ್ಟು ಫಿಲ್ಟರ್ ಬಿಡಲಿಲ್ಲವಲ್ಲ, ನಿಮ್ಮಂಥವರು ಹೊರಗೆ ಹೋದದ್ದು ಕ್ಲಬ್ಬಿನ ನಷ್ಟ. ನಮ್ಮಲ್ಲೂ ಹೀಗೇ ಆಗುತ್ತಿತ್ತು. ಜುಲೈ 1ಕ್ಕೆ ಹೊಸ ವರ್ಷ, ಹೊಸ ಅಧ್ಯಕ್ಷರು. ಅವರಿಗೆ ತಮ್ಮ ಹೆಸರಿನ ಹೊಸ ಕೆಲಸ ಬೇಕು, ಹಿಂದಿನವರದು ಅನಾಥ. ನಾನು ಅಧ್ಯಕ್ಷನಾದ ವರ್ಷ ಪದಗ್ರಹಣದ ಊಟವನ್ನು ಹಾಲ್‌ನಿಂದ ಶಾಲೆಯ ಜಗಲಿಗೆ ತಂದೆ. ಮಲೆನಾಡಿನ ಜುಲೈ, ಮಳೆ ಹೆಂಚಿನ ಮೇಲೆ ಹೊಡೆಯುತ್ತಿತ್ತು, ಪ್ರಮಾಣವಚನದ ಮಾತು ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಅನ್ನ, ಸಾರು, ಕೆಸುವಿನ ಪತ್ರೊಡೆ. ಉಳಿದ ದುಡ್ಡಿನಲ್ಲಿ ಹಿಂದಿನವರು ಕಟ್ಟಿಸಿದ್ದ ಎರಡು ಬಸ್ ತಂಗುದಾಣಗಳ ಹೆಂಚು ಕೈಯಾಡಿಸಿದೆವು. ಹಿಂದಿನ ಅಧ್ಯಕ್ಷರೊಬ್ಬರು ಬಂದು ನನ್ನ ಕೈ ಹಿಡಿದುಕೊಂಡರು. ಅದರಲ್ಲಿ ಒಂದು ತಂಗುದಾಣ ಅವರು ಕಟ್ಟಿಸಿದ್ದು, ಹದಿನಾಲ್ಕು ವರ್ಷದ ಹಿಂದೆ.

ಸುಮಾ, ನಿಮ್ಮ ವಾಕರಿನ ನೋಟ್‌ಬುಕ್ಕಿನ ಬಗ್ಗೆ ಒಂದು ಮಾತು. ನಮ್ಮಲ್ಲೂ ಅಂಥದ್ದೇ ಒಂದು ಕೋಣೆ ಇದೆ. ಗಾಲಿಕುರ್ಚಿ, ವಾಕರ್, ಏರ್‌ಬೆಡ್, ತಲೆ ಎತ್ತಿಸುವ ಮಂಚ, 2021ರಲ್ಲಿ ಬಂದ ಎರಡು ಆಕ್ಸಿಜನ್ ಯಂತ್ರ, ಹೆಣ ಇಡುವ ಫ್ರೀಜರ್ ಪೆಟ್ಟಿಗೆ. ಅದನ್ನು ನೋಡಿಕೊಳ್ಳುವವರು ಕಷ್ಟದ ಮನೆಗೇ ಹೋಗಬೇಕು. ಮಂಚ ಕೊಟ್ಟು ಬಂದ ಮನೆಗೆ ಎರಡು ತಿಂಗಳಲ್ಲಿ ಫ್ರೀಜರ್ ತೆಗೆದುಕೊಂಡು ಹೋಗುವುದೂ ಇರುತ್ತೆ. ವಾಪಸ್ ತರೋಕೆ ಅವಸರ ಮಾಡಬಾರದು, ಕರ್ಮಾಂತರ ಮುಗಿದ ಮೇಲೆ ಹೋಗಬೇಕು. ಒಮ್ಮೆ ನಮ್ಮ ಸಮಿತಿ ವಸ್ತುಗಳು ವಾಪಸ್ ಬರುತ್ತಿಲ್ಲ ಅಂತ ಡೆಪಾಸಿಟ್ ಎರಡು ಪಟ್ಟು ಮಾಡಿತು. ಒಬ್ಬ ಕೂಲಿಯವ ಗಾಲಿಕುರ್ಚಿ ಕೇಳೋಕೆ ಬಂದು, ಮೊತ್ತ ಕೇಳಿ, ‘ನಾಳೆ ಬರುತ್ತೇನೆ’ ಅಂತ ಹೋದ. ಬರಲಿಲ್ಲ. ಅವನ ತಾಯಿಯನ್ನು ಅವನು ಆಸ್ಪತ್ರೆಗೆ ಎತ್ತಿಕೊಂಡೇ ಹೋಗುತ್ತಿದ್ದ ಅಂತ ಆಮೇಲೆ ಪೋಸ್ಟ್‌ಮ್ಯಾನ್ ಹೇಳಿದ. ಮುಂದಿನ ಸಭೆಯಲ್ಲಿ ನಿಯಮ ತೆಗೆಸಿದೆ. ದುಡ್ಡಿಲ್ಲದವರಿಗೆ ಈಗ ಡೆಪಾಸಿಟ್ ಇಲ್ಲ, ಪಕ್ಕದ ಮನೆಯವರ ಫೋನ್ ನಂಬರ್ ಸಾಕು. ಹಾಗೆ ಕೊಟ್ಟದ್ದರಲ್ಲಿ ವಾಪಸ್ ಬರದೇ ಹೋದದ್ದು ಒಂದು ಊರುಗೋಲು.

ಅಂಗಡಿ ಬಿಟ್ಟು ಬರೋಕೆ ಆಗಲ್ಲ ಅಂದಿರಿ. ಈ ಕೆಲಸ ಅಂಗಡಿಯಲ್ಲೇ ಕೂತು ಮಾಡಬಹುದು. ಜೆರಾಕ್ಸ್ ಅಂಗಡಿಗೆ ಊರಿನವರೆಲ್ಲ ಒಂದಲ್ಲ ಒಂದು ದಿನ ಬರುತ್ತಾರೆ. ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅನ್ನೋದು ನಿಮಗೆ ಮೊದಲು ಗೊತ್ತಾಗುತ್ತೆ.

ಅಂಗಡಿಬೀದಿ_ಸುಮಾ:

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ವಾರ ಆಯಿತು, ಆದದ್ದು ಹೇಳುತ್ತೇನೆ.

ಕುಮಾರಣ್ಣ ಹೇಳಿದ ಹಾಗೆ ಮೊದಲು ಹೋಗಿ ನೋಡಿದ್ದು ಆಸ್ಪತ್ರೆ ಎದುರಿನ ತಂಗುದಾಣ. ಫಲಕ ಮಾಸಿದೆ, ಬೆಂಚು ಗಟ್ಟಿ ಇದೆ. ಎರಡು ಲೆಕ್ಕದ ಪಾಸ್‌ಬುಕ್ ಕೇಳಿದೆ. ಖಜಾಂಚಿ ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ಎರಡನ್ನೂ ತಂದಿಟ್ಟರು. ‘ಆರು ವಾರ ಯಾರು ಓಡಾಡುತ್ತೀರಿ’ ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗಲಿಲ್ಲ. ‘ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ’ ಅಂದರು. ಅಂಚೆಮಾವನ ಆ ಅಜ್ಜನ ವಿಷಯ ಹೇಳಿದೆ. ಎಲ್ಲರೂ ಸುಮ್ಮನಾದರು. ಮುಂದಿನ ಶಿಬಿರಕ್ಕೆ ಒಬ್ಬೊಬ್ಬರಿಗೆ ಒಬ್ಬ ಸದಸ್ಯ ಅಂತ ಬರೆದುಕೊಂಡಿದ್ದಾರೆ. ನನ್ನ ಹೆಸರಿಗೂ ಇಬ್ಬರು ಬರುತ್ತಾರೆ.

ಯಜಮಾನರು ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಭಾನುವಾರ ಸಾಮಾನಿನ ಕೋಣೆ ಎಣಿಸೋಕೆ ಹೋದಾಗ ಅವರೇ ಬೈಕಿನಲ್ಲಿ ಬಿಟ್ಟರು, ವಾಪಸ್ ಹೋಗದೆ ಗಾಲಿಕುರ್ಚಿಗಳ ಚಕ್ರಕ್ಕೆ ಎಣ್ಣೆ ಹಾಕುತ್ತಾ ಕೂತರು. ನೋಟ್‌ಬುಕ್ಕಿನ ಪ್ರಕಾರ ಒಂಬತ್ತು ವಾಕರ್, ಇರೋದು ಏಳು. ನಂಬರುಗಳಿಗೆ ಫೋನ್ ಮಾಡುತ್ತಿದ್ದೇನೆ.

ಏರ್‌ಬೆಡ್ ಒಂದರಲ್ಲಿ ಗಾಳಿ ನಿಲ್ಲುತ್ತಿಲ್ಲ. ಸೈಕಲ್ ಟ್ಯೂಬಿನ ಪ್ಯಾಚ್ ಹಾಕಿದರೆ ಹಿಡಿಯುತ್ತಾ? ನಾಳೆಯೇ ಒಬ್ಬರಿಗೆ ಬೇಕಂತೆ.

ಅಂಚೆಮಾವ:

ಹಳೆಯದು, ರಬ್ಬರಿನದಾದರೆ ಹಿಡಿಯುತ್ತೆ. ಪ್ಲಾಸ್ಟಿಕ್ಕಿನದಾದರೆ ಸೈಕಲ್ ಸಲ್ಯೂಷನ್ ಎರಡೇ ದಿನಕ್ಕೆ ಬಿಟ್ಟುಕೊಳ್ಳುತ್ತೆ, ಅದಕ್ಕೆ ಪಿವಿಸಿ ಪ್ಯಾಚ್ ಬೇರೆ ಬರುತ್ತೆ, ಮೆಡಿಕಲ್ ಶಾಪಿನವರಿಗೆ ಹೇಳಿದರೆ ತರಿಸುತ್ತಾರೆ. ಮೊದಲು ಸೋಪಿನ ನೀರು ಸವರಿ ನೋಡಿ, ಎಷ್ಟೋ ಸಲ ತೂತು ಇರೋದಿಲ್ಲ, ಕೊಳವೆ ಸೇರುವ ಕಡೆ ಸಡಿಲ ಆಗಿರುತ್ತೆ. ನಾಳೆಗೆ ಆಗದಿದ್ದರೆ ನನಗೆ ಮೆಸೇಜ್ ಹಾಕಿ, ನಮ್ಮಲ್ಲಿ ಒಂದು ಖಾಲಿ ಇದೆ. ಬೆಳಗಿನ ಬಸ್ಸಿಗೆ ಕಂಡಕ್ಟರ ಕೈಯಲ್ಲಿ ಕೊಟ್ಟುಕಳಿಸುತ್ತೇನೆ.